ತಿಂಗಳ ಪಗಾರ ಇಲ್ಲದ ಮನೆಯಲ್ಲಿ ರೊಕ್ಕ ಉಳಿಸುವುದು ಹೇಗೆ? ಬಾಗಲಕೋಟೆ, ವಿಜಯಪುರ ಕಡೆಯವರು ಬನ್ನಿ, ಮಾತಾಡೋಣ

ಮುಧೋಳದ ಮನೆಲೆಕ್ಕ

ಎಲ್ಲರಿಗೂ ನಮಸ್ಕಾರ. ಉಳಿತಾಯದ ಬಗ್ಗೆ ಯಾರ ಮಾತು ಕೇಳಿದರೂ ಶುರುವಾಗುವುದು ಒಂದೇ ಥರ. ಪಗಾರ ಬಂದ ದಿನವೇ ಇಷ್ಟು ತೆಗೆದಿಡಿ, ಉಳಿದಿದ್ದರಲ್ಲಿ ಮನೆ ನಡೆಸಿ. ಸರಿ, ಆದರೆ ನಮ್ಮ ಕಡೆ ಎಷ್ಟು ಮನೆಗೆ ತಿಂಗಳ ಪಗಾರ ಇದೆ? ಮುಧೋಳ, ಜಮಖಂಡಿ ಸುತ್ತಮುತ್ತ ಕಬ್ಬಿನ ಬಿಲ್ಲು ಬಂದಾಗ ರೊಕ್ಕ. ರಬಕವಿ-ಬನಹಟ್ಟಿಯಲ್ಲಿ ವಾರದ ಕೂಲಿ. ಸಂತೆಯಲ್ಲಿ ಕಾಯಿಪಲ್ಯ ಮಾರುವವರಿಗೆ ಅವತ್ತಿನದು ಅವತ್ತಿಗೆ. ಇಂಥ ಮನೆಗಳಿಗೆ ಹೊಂದುವ ಲೆಕ್ಕ ಬೇರೆಯೇ ಇರಬೇಕು ಅಂತ ನನಗೆ ಬಲವಾಗಿ ಅನಿಸಿದೆ. ಅದಕ್ಕೇ ಈ ಚರ್ಚೆ ಶುರು ಮಾಡಿದ್ದೇನೆ.

ನಮ್ಮದು ಕಬ್ಬಿನ ಮನೆ. ವರ್ಷದ ದುಡಿಮೆಯೆಲ್ಲ ಒಂದೆರಡು ಕಂತಿನಲ್ಲಿ ಖಾತೆಗೆ ಬಂದು ಬೀಳುತ್ತದೆ. ಆ ವಾರ ಮನೆಯಲ್ಲಿ ಎಲ್ಲರಿಗೂ ಏನೋ ಒಂದು ಬೇಕು ಅನಿಸುತ್ತದೆ. ಹೊಸ ಗಾಡಿ, ಮೊಬೈಲು, ತಂಗಿಯ ಮನೆ ಕಾರ್ಯಕ್ಕೆ ಆಯೇರಿ. ಯಾವುದೂ ತಪ್ಪಲ್ಲ. ಆದರೆ ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಖಾತೆ ಖಾಲಿ. ಆಮೇಲೆ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಕೈ ಚಾಚಬೇಕು.

ನಾವು ಮಾಡುವುದು ಇಷ್ಟು. ಬಿಲ್ಲು ಜಮಾ ಆದ ವಾರವೇ ಗಂಡ ಹೆಂಡತಿ ಕೂತು ವರ್ಷದ್ದೆಲ್ಲ ಬರೆಯುತ್ತೇವೆ. ಉದಾಹರಣೆಗೆ ಕಟಾವು, ಸಾಗಾಟ, ಸೊಸೈಟಿ ಸಾಲ ಎಲ್ಲ ಕಳೆದು ಕೈಗೆ 2,40,000 ರೂಪಾಯಿ ಉಳಿಯಿತು ಅಂತ ಇಟ್ಟುಕೊಳ್ಳಿ. ಮುಂದಿನ ಬೆಳೆಗೆ 70,000. ಮಕ್ಕಳ ಶಾಲೆಗೆ 30,000. ವರ್ಷದ ಜೋಳ, ಬೇಳೆ, ಶೇಂಗಾ, ಖಾರಕ್ಕೆ 20,000. ಉಳಿದದ್ದು 1,20,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 10,000. ಅದೇ ನಮ್ಮ ಪಗಾರ.

ಈ ರೊಕ್ಕವನ್ನೆಲ್ಲ ಒಂದೇ ಉಳಿತಾಯ ಖಾತೆಯಲ್ಲಿ ಬಿಟ್ಟರೆ ಅದು ನಿಲ್ಲುವುದಿಲ್ಲ. ಶಾಲೆಯ ರೊಕ್ಕವನ್ನು ಮೇ ಕೊನೆಗೆ ಮುಗಿಯುವ ಹಾಗೆ ಠೇವಣಿ ಇಡುತ್ತೇವೆ. ಬೆಳೆಯದನ್ನು ಗೊಬ್ಬರ ಹಾಕುವ ಹೊತ್ತಿಗೆ ಮುಗಿಯುವ ಹಾಗೆ. ಮನೆ ಖರ್ಚಿಗೆ ಬೇರೆ ಖಾತೆ. ಪ್ರತಿ ತಿಂಗಳು 1ನೇ ತಾರೀಖು ಇಷ್ಟು ರೊಕ್ಕ ಆ ಖಾತೆಯಿಂದ ಈ ಖಾತೆಗೆ ಹೋಗಲಿ ಅಂತ ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ಸಾಕು, ತಾನಾಗಿಯೇ ಹೋಗುತ್ತದೆ. ಫೋನ್‌ಪೇ ಇರುವುದು ಮನೆ ಖರ್ಚಿನ ಖಾತೆಗೆ ಮಾತ್ರ. ಬಿಲ್ಲು ಬರುವ ಖಾತೆಗೆ ಇಲ್ಲವೇ ಇಲ್ಲ.

ಬಿಲ್ಲು ತಡವಾದರೆ ಏನು ಅಂತ ಕೇಳಬಹುದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ರೊಕ್ಕ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಕಾಗದದ ಮೇಲೆ ಹೀಗಿದೆ. ನಾವು ಮಾತ್ರ ಎರಡು ಮೂರು ತಿಂಗಳ ಮನೆ ಖರ್ಚನ್ನು ಹಿಂದಿನ ವರ್ಷದ್ದರಲ್ಲೇ ಉಳಿಸಿಕೊಂಡಿರುತ್ತೇವೆ.

ನಿಮ್ಮ ಮನೆಗಳಲ್ಲಿ ಹೇಗೆ ಮಾಡುತ್ತೀರಿ, ಬರೆಯಿರಿ.

ರಬಕವಿ ಮಗ್ಗ

ಅಕ್ಕಾರ, ಒಳ್ಳೆಯ ಮಾತು ತೆಗೆದಿರಿ. ನಮ್ಮದು ವಿದ್ಯುತ್ ಮಗ್ಗದ ಕೆಲಸ. ವಾರಕ್ಕೊಮ್ಮೆ ಲೆಕ್ಕ. ಕರೆಂಟು ಹೋದರೆ, ನೂಲು ಬರದಿದ್ದರೆ ಆ ವಾರ ಕಡಿಮೆ. ನಮಗೆ ನಿಜವಾದ ಪೆಟ್ಟು ಕೊಡುವುದು ಉದ್ರಿ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುವಾಗ ಯಾರೂ ದರ ಕೇಳುವುದಿಲ್ಲ. ಕೇಳಲು ಬಾಯೇ ಬರುವುದಿಲ್ಲ, ಅಲ್ವಾ? ಅಂಗಡಿಯವನು ಹೇಳಿದ್ದೇ ದರ. ನಗದು ಕೊಡುವವನು ಪಕ್ಕದ ಅಂಗಡಿಗೂ ಹೋಗಿ ನೋಡಬಹುದು, ಉದ್ರಿಯವನಿಗೆ ಆ ದಾರಿ ಇಲ್ಲ.

ನಾವು ಉದ್ರಿಯಿಂದ ಹೊರಬಂದಿದ್ದು ಒಂದೇ ಸಲ ಅಲ್ಲ. ಮೊದಲು ಎಣ್ಣೆ, ಸಕ್ಕರೆ ಎರಡನ್ನೇ ನಗದಿಗೆ ತಂದೆವು. ಹಳೆಯ ಉದ್ರಿಗೆ ವಾರಕ್ಕೆ ಇಷ್ಟು ಅಂತ ಕೊಡುತ್ತಾ ಬಂದೆವು, ಹೊಸದು ಬರೆಸಲಿಲ್ಲ. ಅಂಗಡಿಯವರೂ ಖುಷಿಯಾದರು. ಅವರಿಗೂ ರೊಕ್ಕ ತಿರುಗಬೇಕಲ್ಲ.

ಇನ್ನೊಂದು, ಭಿಶಿ, ಅಂದರೆ ಚೀಟಿ ಹಾಕುವುದು. ನಮ್ಮ ಓಣಿಯ ಹನ್ನೆರಡು ಮನೆ ಸೇರಿ ತಿಂಗಳಿಗೆ 2,000 ಹಾಕುತ್ತೇವೆ. ಚೀಟಿ ಎತ್ತಿದವರಿಗೆ 24,000. ಹರಾಜು ಇಲ್ಲ. ಯಾರ ಮನೆಯಲ್ಲಿ ಕಾರ್ಯ ಇದೆಯೋ ಅವರಿಗೆ ಬಿಟ್ಟುಕೊಡುವ ಪದ್ಧತಿಯೂ ಇದೆ. ಹರಾಜಿನ ಭಿಶಿ ಮಾತ್ರ ನೋಡಿಕೊಂಡು ಸೇರಿ. 24,000ದ ಭಿಶಿಯನ್ನು 20,000ಕ್ಕೆ ಎತ್ತಿದರೆ 4,000 ಅಲ್ಲೇ ಹೋಯಿತು. ಅದನ್ನು ಯಾರೂ ಬಡ್ಡಿ ಅನ್ನುವುದಿಲ್ಲ. ಆದರೆ ಅದು ಬಡ್ಡಿಯೇ. ಗುರುತಿಲ್ಲದವರ ಭಿಶಿ ಬೇಡವೇ ಬೇಡ.

ಜಮಖಂಡಿ ಪಿಗ್ಮಿ

ನಾನು ಪಿಗ್ಮಿ, ಅಂದರೆ ದಿನದ ಉಳಿತಾಯದ ರೊಕ್ಕ, ಕೂಡಿಸುವವನು. ದಿನಾ ಸಂಜೆ ಅಂಗಡಿ ಅಂಗಡಿಗೆ ಹೋಗುತ್ತೇನೆ. ಹಾಗಾಗಿ ಎರಡು ಮಾತು ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ.

ಪಿಗ್ಮಿ ನಮ್ಮ ಕರ್ನಾಟಕದ್ದೇ ಪದ್ಧತಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಇವತ್ತಿಗೂ ದಿನದ ದುಡಿಮೆಯವರಿಗೆ ಇದರಷ್ಟು ಹೊಂದುವ ದಾರಿ ಇನ್ನೊಂದಿಲ್ಲ. ಹೂವು ಮಾರುವ ತಾಯಿಯೊಬ್ಬರು ಗಲ್ಲಾಪೆಟ್ಟಿಗೆ ಎಣಿಸುವ ಮೊದಲೇ ನನಗೆ 50 ರೂಪಾಯಿ ತೆಗೆದು ಕೊಡುತ್ತಾರೆ. ವ್ಯಾಪಾರ ಆಗದ ದಿನ 20 ಕೊಡುತ್ತಾರೆ, ಬರೀ ಕೈಯಲ್ಲಿ ಕಳಿಸುವುದಿಲ್ಲ. ದಿನಕ್ಕೆ 50 ಅಂದರೆ ವರ್ಷಕ್ಕೆ 18,000ದ ಮೇಲೆ.

ಆದರೆ ಪಿಗ್ಮಿ ಕಟ್ಟುವವರು ಕೆಲವು ವಿಷಯ ನೋಡಿಕೊಳ್ಳಬೇಕು. ಇದರಲ್ಲಿ ಬಡ್ಡಿ ಕಡಿಮೆ. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಸಿಗದೆ, ಕಮಿಷನ್ನೂ ಕಡಿತವಾಗುತ್ತದೆ. ಹಾಗಾಗಿ ಪಿಗ್ಮಿ ಅಂದರೆ ರೊಕ್ಕ ಕೂಡಿಸುವ ಜಾಗ, ಬೆಳೆಸುವ ಜಾಗ ಅಲ್ಲ. ಅವಧಿ ಮುಗಿದ ಕೂಡಲೇ ಠೇವಣಿಗೆ ಹಾಕಿ. ಎರಡನೆಯದು, ಕೊಟ್ಟ ಕೂಡಲೇ ಯಂತ್ರದ ಚೀಟಿ ತೆಗೆದುಕೊಳ್ಳಿ, ಮೊಬೈಲಿಗೆ ಸಂದೇಶ ಬಂತಾ ನೋಡಿ. ನಾನು ಪರಿಚಯದವನು, ದಿನಾ ಬರುವವನು ಅಂತ ಸುಮ್ನೆ ಬಿಡಬೇಡಿ. ನನ್ನ ಮೇಲೆ ನಂಬಿಕೆ ಇದ್ದರೂ ಚೀಟಿ ಕೇಳಿ. ನನಗೆ ಅದರಿಂದ ಬೇಜಾರಿಲ್ಲ. ತಿಂಗಳಿಗೊಮ್ಮೆ ಶಾಖೆಗೇ ಹೋಗಿ ಪಾಸ್‌ಬುಕ್ ತುಂಬಿಸಿಕೊಂಡು ಬನ್ನಿ.

ನವನಗರ ಹುಡುಗ

ಅಣ್ಣ, ಹಾಗಾದರೆ ಠೇವಣಿ ಎಲ್ಲಿ ಇಡಬೇಕು? ನಮ್ಮ ಬಾಗಲಕೋಟೆಯಲ್ಲಿ ಪ್ರತಿ ರಸ್ತೆಗೊಂದು ಸೌಹಾರ್ದ ಸಹಕಾರಿ ಇದೆ. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ ಕೊಡುತ್ತಾರೆ, ಹೋದರೆ ಕೂರಿಸಿ ಚಹಾ ಕೊಡುತ್ತಾರೆ. ಬ್ಯಾಂಕಿನಲ್ಲಿ ಒಂದು ಸಹಿಗೆ ಅರ್ಧ ದಿನ. ಅಲ್ಲೇ ಇಟ್ಟರೆ ಆಗಲ್ವಾ?

ನಿವೃತ್ತ ಕ್ಯಾಶಿಯರ್, ವಿಜಯಪುರ

ತಮ್ಮಾ, ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡಲೇಬೇಕು.

ಸಹಕಾರ ನಮ್ಮ ನೆಲದ ಆಸ್ತಿ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು. ನಾನು ಸಂಘಗಳ ವಿರೋಧಿ ಅಲ್ಲ. ಚೆನ್ನಾಗಿ ನಡೆಯುವ ಸಂಘಗಳು ಬಹಳ ಇವೆ, ಬ್ಯಾಂಕಿನ ಬಾಗಿಲಿಗೇ ಹೋಗಲಾಗದವರಿಗೆ ಅವು ಸಾಲ ಕೊಟ್ಟಿವೆ. ಆದರೆ ಒಂದು ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು.

ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿ ಅದನ್ನು ನೋಡಿಕೊಳ್ಳುತ್ತದೆ. ಬ್ಯಾಂಕ್ ಮುಳುಗಿದರೆ ಅಸಲು, ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. 2020ರ ಫೆಬ್ರುವರಿ 4ರವರೆಗೆ ಇದು 1 ಲಕ್ಷ ಮಾತ್ರ ಇತ್ತು. ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕಿಗೂ ಈ ವಿಮೆ ಇದೆ. ಪತ್ತಿನ ಸಹಕಾರಿ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಇಲ್ಲ. ಅಲ್ಲಿ ಏನಾದರೂ ಆದರೆ ಸಾಲ ವಸೂಲಾದಷ್ಟು ರೊಕ್ಕ ಬರಬೇಕು, ಅಷ್ಟೇ. ನಮ್ಮ ಸಂಬಂಧಿಕರೊಬ್ಬರು ಮಗಳ ಮದುವೆಗೆ ಅಂತ ಒಂದು ಸಂಘದಲ್ಲಿ ಇಟ್ಟಿದ್ದರು. ಮದುವೆ ಬಂತು, ರೊಕ್ಕ ಬರಲಿಲ್ಲ. ಹೊಲ ಮಾರಿ ಮದುವೆ ಮಾಡಿದರು. ನೂರಕ್ಕೆ ಒಂದು ರೂಪಾಯಿ ಜಾಸ್ತಿ ಬಡ್ಡಿಗಾಗಿ ಇಡೀ ಗಂಟನ್ನು ಹಾಗೆ ಕೂರಿಸಬಾರದು.

ಬೋರ್ಡಿನ ಮೇಲೆ ಬ್ಯಾಂಕ್ ಅಂತ ಇದೆಯಾ, ಸಹಕಾರಿ ಸಂಘ ಅಂತ ಇದೆಯಾ, ಮೊದಲು ಅದನ್ನು ಓದು. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಸಂಘ ತನ್ನ ಹೆಸರಿನಲ್ಲಿ ಬ್ಯಾಂಕ್ ಅನ್ನುವ ಪದ ಬಳಸುವಂತಿಲ್ಲ. ನೀನು ಸಂಘದ ಸದಸ್ಯನಾಗಿದ್ದರೆ ವಾರ್ಷಿಕ ಸಭೆಯ ಅಢಾವೆ ಪತ್ರಿಕೆ (ಆಸ್ತಿ, ಸಾಲದ ಲೆಕ್ಕಪಟ್ಟಿ) ಕೇಳಿ ತಗೋ. ಕಟಬಾಕಿ, ಅಂದರೆ ಅವಧಿ ದಾಟಿದರೂ ವಸೂಲಾಗದ ಸಾಲ ಎಷ್ಟಿದೆ, ಹೋದ ವರ್ಷಕ್ಕಿಂತ ಏರಿದೆಯಾ, ನೋಡು. ಊಟಕ್ಕೆ ಬಂದು ಡಿವಿಡೆಂಡ್ ತಗೊಂಡು ಹೋಗುವುದಷ್ಟೇ ಸದಸ್ಯತ್ವ ಅಲ್ಲ. ಇಟ್ಟರೂ ಒಂದು ಪಾಲು ಇಡು, ಎಲ್ಲವನ್ನೂ ಬೇಡ.

ಬಾದಾಮಿ ಸಂಘದ ಅಕ್ಕ

ಕಾಕಾ ಹೇಳಿದ್ದು ಸರಿ. ನಾನು ಸಾಲದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮ ಸ್ವಸಹಾಯ ಸಂಘದಲ್ಲಿ ಸಾಲ ತಗೊಳ್ಳುವಾಗ ಎಲ್ಲರೂ ವಾರದ ಕಂತು ಎಷ್ಟು ಅಂತ ಮಾತ್ರ ಕೇಳುತ್ತಾರೆ. ಬಡ್ಡಿ ಹೇಗೆ ಹಾಕುತ್ತಾರೆ ಅಂತ ಕೇಳುವುದಿಲ್ಲ.

50,000 ಸಾಲ, ಎರಡು ವರ್ಷ, ಬಡ್ಡಿ ನೂರಕ್ಕೆ 12. ಇದನ್ನು ಎರಡು ಥರ ಹಾಕಬಹುದು. ಪೂರ್ತಿ 50,000ಕ್ಕೆ ಎರಡು ವರ್ಷವೂ ಬಡ್ಡಿ ಹಾಕಿದರೆ ಬಡ್ಡಿ 12,000. ತಿಂಗಳ ಕಂತು ಸುಮಾರು 2,583. ತೀರಿಸಿದಂತೆ ಉಳಿದ ಅಸಲಿಗೆ ಮಾತ್ರ ಹಾಕಿದರೆ ಕಂತು ಸುಮಾರು 2,354, ಬಡ್ಡಿ ಒಟ್ಟು 6,500ರ ಆಸುಪಾಸು. ಎರಡನ್ನೂ ಬಾಯಲ್ಲಿ 12 ಅಂತಲೇ ಹೇಳುತ್ತಾರೆ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ನಾನು ಅಸಲು ಕಟ್ಟಿದ ಮೇಲೂ ಪೂರ್ತಿ ಮೊತ್ತಕ್ಕೆ ಬಡ್ಡಿ ಹಾಕುತ್ತೀರಾ?

ಕೈಸಾಲದ ನೂರಕ್ಕೆ ಮೂರು ಅನ್ನುವುದು ತಿಂಗಳಿನದು. ವರ್ಷಕ್ಕೆ 36 ಆಯಿತು. 50,000 ತಗೊಂಡರೆ ವರ್ಷಕ್ಕೆ ಬರೀ ಬಡ್ಡಿಯೇ 18,000, ಅಸಲು ಹಾಗೇ ಕೂತಿರುತ್ತದೆ. ಅಂಥ ಹೊತ್ತಿಗೆ ಕಿವಿಯೋಲೆ ಬ್ಯಾಂಕಿನಲ್ಲಿಟ್ಟು ತಂದರೂ ಎಷ್ಟೋ ವಾಸಿ. ಮನೆಯ ಬಂಗಾರ ಇಡುವುದಕ್ಕೆ ನಾಚಿಕೆ ಬೇಡ, ಬಿಡಿಸಿಕೊಳ್ಳುವ ತಾರೀಖು ಮಾತ್ರ ಮೊದಲೇ ಬರೆದುಕೊಳ್ಳಿ.

ಇನ್ನು ಗೃಹಲಕ್ಷ್ಮಿಯ 2,000. ನಮ್ಮ ಸಂಘದ ಕೆಲವರು ಅದನ್ನು ಮುಟ್ಟದೆ ಅಂಚೆ ಕಚೇರಿಯ ತಿಂಗಳ ಕಂತಿನ ಠೇವಣಿ ಆರ್‌ಡಿಗೆ ಹಾಕುತ್ತಿದ್ದಾರೆ. ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷ. 2023ರ ಅಕ್ಟೋಬರ್‌ನಲ್ಲಿ ಬಂದ ಶೇ 6.7ರ ದರದಲ್ಲಿ ತಿಂಗಳಿಗೆ 2,000 ಕಟ್ಟಿದರೆ ಐದು ವರ್ಷಕ್ಕೆ ಸುಮಾರು 1,42,700 ಬರುತ್ತದೆ. ಆದರೆ ಗೃಹಲಕ್ಷ್ಮಿ ಕಂತು ಪ್ರತಿ ತಿಂಗಳೂ ಸರಿಯಾಗಿ ಬೀಳುವುದಿಲ್ಲ. ಆರ್‌ಡಿಯಲ್ಲಿ ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಎರಡು ತಿಂಗಳೊಳಗೆ ಮತ್ತೆ ಜೀವ ಕೊಡಬೇಕು. ಅದಕ್ಕೇ 1,000ದ ಆರ್‌ಡಿ ಮಾಡಿ, ಉಳಿದ 1,000 ಖಾತೆಯಲ್ಲೇ ಬಿಡಿ. ತಡವಾದ ತಿಂಗಳು ಅದರಿಂದ ಕಟ್ಟಬಹುದು.

ಹತ್ತು ವರ್ಷದೊಳಗಿನ ಹೆಣ್ಣು ಮಗು ಇದ್ದರೆ ಸುಕನ್ಯಾ ಸಮೃದ್ಧಿ ನನಗೆ ಇನ್ನೂ ಇಷ್ಟ. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ. ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ ಕಟ್ಟಬಹುದು. ನಮ್ಮಂಥ ಏರುಪೇರಿನ ದುಡಿಮೆಯವರಿಗೆ ಇದು ಹೊಂದುತ್ತದೆ. 2024ರ ಜನವರಿಯಿಂದ ದರ ಶೇ 8.2.

ವಿಜಯಪುರ ಅಡುಗೆಮನೆ

ದೊಡ್ಡ ದೊಡ್ಡ ಲೆಕ್ಕದ ನಡುವೆ ನನ್ನದು ಸಣ್ಣದು. ವರ್ಷದ ಬಿಳಿಜೋಳವನ್ನು ಫೆಬ್ರುವರಿ, ಮಾರ್ಚ್‌ನಲ್ಲಿ ಹಿಂಗಾರಿ ರಾಶಿ ಆದಾಗಲೇ ಕೊಂಡುಬಿಡಿ. ಗುರುತಿನ ರೈತರಿಂದ ಮಾಲದಂಡಿ ತಂದರೆ ರೊಟ್ಟಿಯೂ ಚೆನ್ನ, ದರವೂ ಕಡಿಮೆ. ಚೆನ್ನಾಗಿ ಬಿಸಿಲಿಗೆ ಹಾಕಿ. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟ್ ಅಂತ ಒಡೆಯಬೇಕು, ಒತ್ತಿದಂತೆ ಆದರೆ ಇನ್ನೂ ಹಸಿ ಇದೆ ಅಂತ ಅರ್ಥ. ಆರಿದ ಮೇಲೆ ತುಂಬಿ, ನಡುವೆ ಒಣಗಿದ ಬೇವಿನ ಎಲೆ ಹಾಕಿ. ಬಿಸಿ ಇದ್ದಾಗಲೇ ಡಬ್ಬಿಗೆ ತುಂಬಿದರೆ ಬೆವೆತು ಹುಳ ಬೀಳುತ್ತದೆ. ಮಳೆಗಾಲದಲ್ಲಿ ಕಿಲೋ ಕಿಲೋ ತರುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಕರೆಂಟಿನದೂ ಒಂದು ಮಾತು. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿ ದಾಟಿದರೆ ದಾಟಿದಷ್ಟಕ್ಕೆ ಬಿಲ್ಲು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ನಮ್ಮ ಊರಿನ ಏಪ್ರಿಲ್, ಮೇ ಸೆಕೆ ಗೊತ್ತಲ್ಲ, ಕೂಲರ್ ಇಲ್ಲದೆ ಮಲಗಲು ಆಗುವುದಿಲ್ಲ. ಆ ಎರಡು ತಿಂಗಳು ವಾರಕ್ಕೊಮ್ಮೆ ಮೀಟರ್ ನೋಡುತ್ತೇನೆ. 150ರ ಹತ್ತಿರ ಬಂತು ಅಂದರೆ ಇಸ್ತ್ರಿ, ನೀರು ಕಾಯಿಸುವುದು ಬಂದ್.

ಮುಧೋಳದ ಮನೆಲೆಕ್ಕ

ಅಡುಗೆಮನೆ ಅಕ್ಕ, ಅದು ಸಣ್ಣ ಲೆಕ್ಕ ಅಲ್ಲವೇ ಅಲ್ಲ. ವರ್ಷದ ಕಾಳಿದ್ದರೆ ಅರ್ಧ ಧೈರ್ಯ ಬರುತ್ತದೆ.

ಉದ್ರಿ ಬಗ್ಗೆ ರಬಕವಿ ಅಣ್ಣ ಬರೆದಿದ್ದು ಗೊಬ್ಬರದ ಅಂಗಡಿಗೂ ಸರಿಯಾಗಿ ಅನ್ವಯಿಸುತ್ತದೆ. ಯೂರಿಯಾ 45 ಕಿಲೋ ಚೀಲಕ್ಕೆ ನಿಗದಿ ದರ 266 ರೂಪಾಯಿ 50 ಪೈಸೆ. ಡಿಎಪಿ 50 ಕಿಲೋಗೆ 1,350. ಉದ್ರಿ ತರುವವರು ಎಷ್ಟು ಕೊಡುತ್ತಿದ್ದೇವೆ ಅಂತ ಒಮ್ಮೆ ಬಿಲ್ಲು ಕೇಳಿ ನೋಡಿ. ಪಿಕೆಪಿಎಸ್‌ನಲ್ಲಿ (ಊರಿನ ಕೃಷಿ ಪತ್ತಿನ ಸೊಸೈಟಿ) ಬೆಳೆಸಾಲ 2023-24ರಿಂದ 5 ಲಕ್ಷದವರೆಗೆ ಬಡ್ಡಿ ಇಲ್ಲದೆ ಸಿಗುತ್ತದೆ. ಷರತ್ತು ಒಂದೇ, ತಾರೀಖಿನೊಳಗೆ ಕಟ್ಟಬೇಕು. ತಪ್ಪಿದರೆ ಬಡ್ಡಿ ಬೀಳುತ್ತದೆ. ಸೊಸೈಟಿ ಸಾಲ ಹೊಸದು ಮಾಡಲು ಕೈಸಾಲ ತರುವವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಬಿಲ್ಲು ಬಂದಾಗ ಮೊದಲು ತೆಗೆದಿಡಬೇಕಾದ ರೊಕ್ಕ ಇದೇ.

ಸೊಸೈಟಿ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ಮರೆಯಬೇಡಿ. ಹಳ್ಳಿಯ ಕುಟುಂಬದ ನಾಲ್ಕು ಜನಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ನೋಂದಣಿಗೆ ಕೊನೆಯ ತಾರೀಖು ಇರುತ್ತದೆ, ಸೊಸೈಟಿಯಲ್ಲಿ ಕೇಳಿಟ್ಟುಕೊಳ್ಳಿ. ವರ್ಷಗಟ್ಟಲೆ ಕೂಡಿಸಿದ್ದು ಒಂದು ಆಪರೇಷನ್‌ಗೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ.

ನವನಗರ ಹುಡುಗ

ಕಾಕಾ, ಇನ್ನೊಂದೇ ಪ್ರಶ್ನೆ. ನಮ್ಮ ಅಪ್ಪನ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಗುತ್ತದೆ. ಪರಿಹಾರ ಬಂದರೆ ದೊಡ್ಡ ಮೊತ್ತ. ಅಪ್ಪನಿಗೆ 62. ಆಮೇಲೆ ಹೊಲದ ದುಡಿಮೆ ಇರುವುದಿಲ್ಲ. ನೆಂಟರು ಈಗಲೇ ಸೈಟ್ ತಗೋ, ಕಾರ್ ತಗೋ ಅನ್ನುತ್ತಿದ್ದಾರೆ.

ನಿವೃತ್ತ ಕ್ಯಾಶಿಯರ್, ವಿಜಯಪುರ

ತಮ್ಮಾ, ಹೊಲ ಹೋದ ಮೇಲೆ ಆ ರೊಕ್ಕವೇ ನಿಮ್ಮ ಹೊಲ. ಅದು ಪ್ರತಿ ವರ್ಷ ಬೆಳೆ ಕೊಡುವ ಹಾಗೆ ಇಡಬೇಕು. ಮೊದಲ ಆರು ತಿಂಗಳು ಏನೂ ಕೊಳ್ಳಬೇಡಿ. ರೊಕ್ಕವನ್ನು ಎರಡು ಮೂರು ಬ್ಯಾಂಕಿನಲ್ಲಿ ಹಂಚಿ ಸಣ್ಣ ಅವಧಿಯ ಠೇವಣಿ ಮಾಡಿ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಯಲ್ಲಿ ಇಟ್ಟರೆ ವಿಮೆಗೆ ಎಲ್ಲ ಸೇರಿಸಿ ಒಂದೇ ಅಂತ ಲೆಕ್ಕ ಹಾಕುತ್ತಾರೆ, ನೆನಪಿರಲಿ.

ಆಮೇಲೆ ಅಂಚೆ ಕಚೇರಿಗೆ ಹೋಗು. ಅಲ್ಲಿನ ಯೋಜನೆಗಳಿಗೆ ಕೇಂದ್ರ ಸರ್ಕಾರದ್ದೇ ಹೊಣೆ. ಅಪ್ಪನಿಗೆ 60 ದಾಟಿದೆ, ಹಾಗಾಗಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಐದು ವರ್ಷ, ದರ ಶೇ 8.2, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ. ಅಮ್ಮನ ವಯಸ್ಸು ಕಡಿಮೆ ಇದ್ದರೆ ಮಾಸಿಕ ಆದಾಯ ಯೋಜನೆ ಇದೆ. ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾದರೆ 15 ಲಕ್ಷ. ಶೇ 7.4ರ ದರದಲ್ಲಿ 9 ಲಕ್ಷಕ್ಕೆ ತಿಂಗಳಿಗೆ 5,550 ಬರುತ್ತದೆ. ಮುಧೋಳದ ತಂಗಿ ಹೇಳಿದ ಪಗಾರ ಇದೇ, ಅಂಚೆಯವರು ಮಾಡಿಕೊಡುತ್ತಾರೆ, ಅಷ್ಟೇ. ದರ ಮೂರು ತಿಂಗಳಿಗೊಮ್ಮೆ ಬದಲಾಗಬಹುದು, ಆದರೆ ಈ ಎರಡರಲ್ಲೂ ನೀವು ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ.

ಪ್ರತಿ ಖಾತೆಗೂ ನಾಮಿನಿ ಹೆಸರು ಬರೆಸು. ನಾನು ಕೌಂಟರಿನಲ್ಲಿ ಕೂತಾಗ ಅತಿ ಹೆಚ್ಚು ಸಂಕಟ ನೋಡಿದ್ದು ಇದರಲ್ಲೇ. ತೀರಿಹೋದವರ ಪಾಸ್‌ಬುಕ್ ಹಿಡಿದು ಹೆಂಡತಿ, ಮಕ್ಕಳು ತಿಂಗಳುಗಟ್ಟಲೆ ಅಲೆಯುತ್ತಿದ್ದರು.

ನಿನ್ನ ಖಾತೆಗೂ ಎರಡು ವಿಮೆ ಮಾಡಿಸಿಕೋ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಜೀವನ ಜ್ಯೋತಿ 436 ರೂಪಾಯಿ, ಯಾವ ಕಾರಣಕ್ಕೆ ಸಾವಾದರೂ 2 ಲಕ್ಷ, 50 ವರ್ಷದೊಳಗೆ ಸೇರಬೇಕು. ಎರಡೂ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯ ವಾರ ರೊಕ್ಕ ಕಡಿತವಾಗುತ್ತದೆ. ಆಗ ಖಾತೆಯಲ್ಲಿ 500 ರೂಪಾಯಿ ಇಲ್ಲದೆ ಎಷ್ಟೋ ಜನರ ವಿಮೆ ನಿಂತುಹೋಗುತ್ತದೆ.

ರಬಕವಿ ಮಗ್ಗ

ಕಾಕಾ, ನಮ್ಮ ಮಗ್ಗದ ಹುಡುಗರಿಗೆಲ್ಲ ಈ ಎರಡು ವಿಮೆ ಮಾಡಿಸಲು ಈ ವಾರವೇ ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ. ಆಧಾರ್, ಪಾಸ್‌ಬುಕ್ ಸಾಕಾ?

ನಿವೃತ್ತ ಕ್ಯಾಶಿಯರ್, ವಿಜಯಪುರ

ಸಾಕು. ನಾಮಿನಿಯ ಹೆಸರು, ಜನ್ಮ ದಿನಾಂಕವನ್ನೂ ಬರೆದುಕೊಂಡು ಹೋಗಲಿ. ಫಾರ್ಮಿನಲ್ಲಿ ಕೇಳುತ್ತಾರೆ.